ಕೋರಂ

ಸಭೆ ಹನ್ನೊಂದಕ್ಕೆಂದು ನೋಟೀಸಿನಲ್ಲಿ ನಾನೇ ಬರೆದದ್ದು.
ಹನ್ನೊಂದಕ್ಕೆ ತದಡಿಯ ಆಫೀಸಿನಲ್ಲಿ
ಬಾಡಿಗೆಗೆ ತಂದ ನಲವತ್ತು ಕುರ್ಚಿ,
ಕಲಸಿಟ್ಟ ಅವಲಕ್ಕಿ,
ಲೆಕ್ಕ ಬರೆಯುವ ಉಮಾಕಾಂತ, ನಾನು,
ಗೋಡೆಯ ಮೇಲೆ ಧ್ಯೇಯವಾಕ್ಯ.

ದಶಮಿ. ನೀರು ಪೂರ್ತಿ ಇಳಿಯುವುದೇ ಮಧ್ಯಾಹ್ನ.
ಹನ್ನೊಂದು ವರ್ಷ ಅಳಿವೆಯ ದಡದಲ್ಲಿ ಕೂತವಳಿಗೆ
ಇದು ತಿಳಿಯದ್ದೇನಲ್ಲ.
ಬಳಚು ಹೆಕ್ಕುವ ಹೆಂಗಸರು
ಒಂದು ಕುರ್ಚಿಗಾಗಿ ಇಳಿತ ಬಿಟ್ಟು ಬರುವುದಿಲ್ಲ.

ಹೇಳಿಬಿಡುತ್ತೇನೆ:
ಬಾರದಿದ್ದರೇ ಸಲೀಸಾಗಿತ್ತು ನನಗೆ.
ಠರಾವನ್ನು ರಾತ್ರಿ ಮನೆಯಲ್ಲೇ ಬರೆದು,
ಸೂಚಕರು, ಅನುಮೋದಕರು ಎಂಬಲ್ಲಿ
ಸರದಿಯಂತೆ ಹೆಸರು ಹಂಚಿ,
"ಸರ್ವಾನುಮತದಿಂದ" ಎಂದು ಮುಗಿಸಿ
ಆಮೇಲೆ ಮನೆ ಮನೆಗೆ ಹೋಗಿ ಸಹಿ.
ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ
ಸೆರಗಿಗೆ ಕೈ ಒರೆಸಿಕೊಂಡು ಹಾಕಿಕೊಟ್ಟರು.
ಎಂತದಕ್ಕೆ ಎಂದು ಕೇಳಿದವರಿಲ್ಲ.
ಅದನ್ನು ನಾನು ನಂಬಿಕೆ ಎಂದುಕೊಂಡೆ;
ವಾರ್ಷಿಕ ವರದಿಯಲ್ಲಿ, ಸಹಭಾಗಿತ್ವ.

ಈ ಸಲ ರಾತ್ರಿ ಪೆನ್ನು ಏಳಲಿಲ್ಲ.
ಮುಂಬಯಿಯ ಫೌಂಡೇಶನ್ನಿನವರ ಪತ್ರ ಮೇಜಿನ ಮೇಲೆ:
ಆದ್ಯತೆಗಳು ಬದಲಾಗಿವೆ, ಮಾರ್ಚಿಗೆ ಕೊನೆ,
ತಮ್ಮ ಕಾರ್ಯಕ್ಕೆ ಶುಭ ಹಾರೈಕೆ.
ಉಳಿದ ಹಣ ಒಂದಕ್ಕೆ ಸಾಕು.
ಒಂದೋ ಆಫೀಸು ಮತ್ತು ನಾನು,
ಇಲ್ಲವೇ ಫಿಲೋಮಿನಾಳ ಬಾಲವಾಡಿ,
ತಾಯಂದಿರು ನೀರಿನಲ್ಲಿರುವಷ್ಟು ಹೊತ್ತು
ಹದಿನೇಳು ಮಕ್ಕಳು ಸಾಲಾಗಿ ಮಲಗುವ
ಆ ಹೆಂಚಿನ ಮನೆ.

ಒಂದು ಗಂಟೆಗೆ ಠರಾವು ಪುಸ್ತಕ ಎತ್ತಿಕೊಂಡು
ಹೊಳೆಗಿಳಿದೆ. ಮೊಣಕಾಲ ಮಟ್ಟ ಕೆಸರು.
ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು.
ದಡದಿಂದ ಉಮಾಕಾಂತ ಕೂಗುತ್ತಿದ್ದ:
ಬೈಲಾ ಪ್ರಕಾರ ಮೇಡಂ, ಸ್ಥಳ ಬದಲಿಸಲು ಏಳು ದಿನ ಮುಂಚೆ...
ಮಿಕ್ಕಿದ್ದನ್ನು ಗಾಳಿ ಒಯ್ದಿತು.

ಅಧ್ಯಕ್ಷೆ ತುಳಸು ಅಂಬಿಗ
ಬಗ್ಗಿದ ಬೆನ್ನು ಎತ್ತದೆ ಹೇಳಿದಳು:
"ಬಂದ್ರಾ ಅಕ್ಕೋರೆ? ಓದಿ.
ನೀರು ಏರೂದ್ರೊಳಗೆ ಓದಿ."

ಓದಿದೆ. ಜಮಾ, ಖರ್ಚು, ಆಡಿಟರ್ ಫೀಸು,
ನನ್ನ ಸಂಬಳ.
ಆ ಅಂಕಿ ಅವರು ಕೇಳಿದ್ದು ಅದೇ ಮೊದಲು.
ಯಾರದೋ ಕೈ ಕೆಸರೊಳಗೇ ನಿಂತಿತು.

ಆಮೇಲೆ ಮಾತು ಬುಟ್ಟಿಯಿಂದ ಬುಟ್ಟಿಗೆ ಹಾದು
ನನ್ನ ತಲೆಯ ಮೇಲಿಂದಲೇ ಹೋಯಿತು, ನಾನಲ್ಲಿ ಇಲ್ಲವೇನೋ ಎಂಬಂತೆ:
ಬಾಡಿಗೆ ಎಷ್ಟು? ಕಪಾಟು ಮಾರಿದರೆ?
ಫಿಲೋಮಿನಾಗೆ ಎಷ್ಟು ತಿಂಗಳದ್ದು ಬಾಕಿ?
"ಮೇಜು ಒಂದು ಮಕ್ಕಳ ಮನೇಲಿ ಹಿಡೀತದೆ,"
ಬುಧವಂತಿ ಗೌಡ ಅಂದಳು, "ಆಫೀಸು ಎಂತಕ್ಕೆ?"
ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ.

"ಅಕ್ಕೋರಿಗೆ ಅರ್ಧ ದಿನ, ಅರ್ಧ ಸಂಬಳ.
ಹೌದಂಬವರು ಕೈ ಎತ್ತಿ."
ಕೆಸರು ಸೋರುವ ಕೈಗಳು. ಎಣಿಸಿದೆ.
ಮೂವತ್ತೆರಡು.
ಸೋಮಿ ಹರಿಕಂತ್ರ ಎತ್ತಲಿಲ್ಲ.
"ಅರ್ಧ ಎಂತಕ್ಕೆ? ನಂಗೆ ಒಪ್ಪಿಗಿಲ್ಲ."
ಹೆಚ್ಚಾಯಿತು ಎಂದೋ ಕಡಿಮೆಯಾಯಿತು ಎಂದೋ
ಅವಳು ಬಿಡಿಸಿ ಹೇಳಲಿಲ್ಲ.
ಕೇಳುವ ಧೈರ್ಯ ನನಗಾಗಲಿಲ್ಲ.

ನೀರು ತಿರುಗಿತ್ತು.
ತುಳಸುವಿನ ಬೆನ್ನ ಮೇಲೆ ಪುಸ್ತಕ ಒತ್ತಿ ಹಿಡಿದು ಬರೆದೆ.
"ಸರ್ವಾ" ಎಂದು ರೂಢಿಯಲ್ಲಿ ಓಡಿದ ಕೈಯನ್ನು ತಡೆದು,
ಅಷ್ಟನ್ನು ಹೊಡೆದುಹಾಕಿ, ಬದಿಗೆ ಕಿರುಸಹಿ ಹಾಕಿ,
ಪರ ಮೂವತ್ತೆರಡು, ವಿರೋಧ ಒಂದು.
ಸ್ಥಳ: ಹೊಳೆ.
ಉಪ್ಪುನೀರು ತಾಗಿ ಶಾಯಿ ಹರಡಿದೆ,
ಆಡಿಟರ್ ಕೇಳಬಹುದು.

ದಡ ಹತ್ತಿದಾಗ ಉಮಾಕಾಂತ
ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ.
ನಲವತ್ತರ ಬಾಡಿಗೆ ಕೊಡುವುದಿದೆ.
ಅವಲಕ್ಕಿಯನ್ನು ನಿದ್ದೆಯಿಂದ ಎದ್ದ ಮಕ್ಕಳು ತಿಂದರು,
ಕೋರಂ ಪೂರ್ತಿಯಾಗಿ.